ನಮ್ಮ ಜಿಲ್ಲಾ ಕೋರ್ಟಿನ 'ಪೋಕ್ಸೊ ರೂಮು': ಒಬ್ಬ ವಿಶೇಷ ಶಿಕ್ಷಕಿಯ ರಿವ್ಯೂ

ಬೌದ್ಧಿಕ ವಿಕಲತೆ ಇರುವ ಮಗಳ ಮೇಲೆ ದೌರ್ಜನ್ಯ ನಡೆದು, ಕೇಸು ಕೋರ್ಟಿಗೆ ಬಂದು, ಸಾಕ್ಷಿ ಹೇಳಲು ಸಮನ್ಸ್ ಬಂದಿದೆ ಅಂತಿಟ್ಟುಕೊಳ್ಳಿ. ಮನೆಯವರು ಮೊದಲು ಕೇಳುವುದು 'ಆ ಕಟಕಟೇಲಿ ಇವಳನ್ನ ನಿಲ್ಲಿಸ್ತಾರಾ?' ಅಂತ. ಈ ರಿವ್ಯೂ ಅಂಥ ಮನೆಯವರಿಗಾಗಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ನಿಲ್ಲಿಸಬೇಕಾಗಿಲ್ಲ. ಅದಕ್ಕೆಂದೇ ಬೇರೆ ಕೊಠಡಿ ಇದೆ. ಸರ್ಕಾರಿ ಹೆಸರು ವಲ್ನರಬಲ್ ವಿಟ್ನೆಸ್ ಡೆಪೊಸಿಷನ್ ಸೆಂಟರ್, ಅಂದರೆ ಬೇಗ ಘಾಸಿಗೊಳ್ಳುವ ಸಾಕ್ಷಿಗಳು ಹೇಳಿಕೆ ಕೊಡುವ ಜಾಗ. ನಮ್ಮಲ್ಲಿ ವಕೀಲರಿಂದ ಹಿಡಿದು ಕ್ಯಾಂಟೀನಿನವರ ತನಕ ಎಲ್ಲರೂ ಅದನ್ನು 'ಪೋಕ್ಸೊ ರೂಮು' ಅಂತಲೇ ಕರೆಯುತ್ತಾರೆ. ಪೋಕ್ಸೊ ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾನೂನು.

ನಾನು ವಿಶೇಷ ಶಿಕ್ಷಕಿ. ದಿನದ ಕೆಲಸ ಶಾಲೆಯಲ್ಲಿ. ಪೊಲೀಸರೋ ಕೋರ್ಟೋ ಕರೆದಾಗ ಸಾಕ್ಷಿಯ ಪಕ್ಕ ಕೂರಲು ಹೋಗುತ್ತೇನೆ. ಕೇಳಿದ್ದು ಅವರಿಗೆ ಅರ್ಥ ಆಗಬೇಕು, ಅವರು ಹೇಳಿದ್ದು ಕೋರ್ಟಿಗೆ ಅರ್ಥ ಆಗಬೇಕು. ನನ್ನ ಕೆಲಸ ಅಷ್ಟೇ. ಉತ್ತರ ಹೇಳಿಕೊಡುವ ಹಾಗಿಲ್ಲ, ತಲೆ ಆಡಿಸುವ ಹಾಗೂ ಇಲ್ಲ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾವ ಒಂದು ಕೇಸನ್ನೂ ವಿವರಿಸುವುದಿಲ್ಲ, ಉದಾಹರಣೆಗಳನ್ನು ಬೇಕೆಂದೇ ಬದಲಿಸಿ ಬರೆದಿದ್ದೇನೆ. ಸಂತ್ರಸ್ತೆಯ ಗುರುತು ಹೊರಹಾಕುವುದು ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿ ಜಾಗಕ್ಕೆ ಬಂದ ಕಾನೂನು) 72ನೇ ಕಲಂ ಪ್ರಕಾರ ಅಪರಾಧ. ಇದನ್ನು ಓದುವ ಬಂಧುಬಳಗದವರೂ ನೆನಪಿಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ 'ಪಾಪ, ಇಂಥವರ ಮಗಳು' ಅಂತ ಹಾಕುವುದೂ ಅದರಲ್ಲೇ ಬರುತ್ತದೆ.

ಮೊದಲು ಜಾಗ. ಕೋರ್ಟಿನ ಹಿಂದಿನ ಗೇಟಿನಿಂದ ಬಂದರೆ ನಕಲು ವಿಭಾಗದ ಪಕ್ಕ ಒಂದು ಬಾಗಿಲು. ಮುಂದಿನ ಮೆಟ್ಟಿಲು ಹತ್ತಬೇಕಾಗಿಲ್ಲ. ಆರೋಪಿ ಕಡೆಯವರು ನಿಂತಿರುವ ಕಾರಿಡಾರು ದಾಟಬೇಕಾಗಿಲ್ಲ. ಇದು ಸಣ್ಣ ವಿಷಯ ಅಲ್ಲ. ನಾನು ನೋಡಿದ ಕೇಸುಗಳಲ್ಲಿ ಆರೋಪಿ ಬಹುಪಾಲು ಗೊತ್ತಿರುವವನೇ. ದಾಯಾದಿ, ಪಕ್ಕದ ಮನೆಯವನು, ದಿನಾ ಕರೆದುಕೊಂಡು ಹೋಗುವ ಆಟೋದವನು. ಅವನ ಮುಖ ಕಂಡ ಕೂಡಲೇ ಕೆಲವರು ಬಾಯಿ ಮುಚ್ಚಿಬಿಡುತ್ತಾರೆ. ಕೆಲವರು ಅಭ್ಯಾಸಬಲದಿಂದ 'ಮಾವ!' ಅಂತ ಕೈ ಬೀಸುತ್ತಾರೆ. 'ನೋಡಿ ಸ್ವಾಮಿ, ಭಯವೇ ಇಲ್ಲ ಇವಳಿಗೆ' ಅನ್ನಲು ಎದುರು ವಕೀಲರಿಗೆ ಅಷ್ಟು ಸಾಕು. ಆ ಹಿಂಬಾಗಿಲು ಇವೆರಡನ್ನೂ ತಪ್ಪಿಸುತ್ತದೆ.

ಒಳಗೆ ಎರಡು ಕೋಣೆ. ಒಂದು ಕಾಯಲು. ಅಲ್ಲಿ ದಿವಾನ, ಕುಡಿಯುವ ನೀರು, ಅಲ್ಲೇ ಟಾಯ್ಲೆಟ್ಟು, ಕಮೋಡಿನ ಪಕ್ಕ ಹಿಡಿದುಕೊಳ್ಳಲು ಕಂಬಿ. ಎಲ್ಲವೂ ಚೊಕ್ಕಟ. ಇನ್ನೊಂದು ಕೋಣೆಯಲ್ಲಿ ಸೋಫಾ, ಮೇಜು, ಕ್ಯಾಮೆರಾ, ಮೈಕು, ಒಂದು ಟಿವಿ. ಟಿವಿಯಲ್ಲಿ ಕಾಣುವುದು ಜಡ್ಜ್ ಮುಖ ಮಾತ್ರ. ಆರೋಪಿ ಕೋರ್ಟ್ ಹಾಲಿನಲ್ಲೇ ಇದ್ದು ಎಲ್ಲ ಕೇಳಿಸಿಕೊಳ್ಳುತ್ತಾನೆ, ಅದು ಅವನ ಹಕ್ಕು. ಆದರೆ ಅವನು ಇವಳ ಕಣ್ಣಿಗೆ ಬೀಳುವುದಿಲ್ಲ. ಎಸಿ ಮಾತ್ರ ಜಾಸ್ತಿ ಕೊರೆಯುತ್ತದೆ. ಒಂದು ಶಾಲು ತಂದುಕೊಳ್ಳಿ.

ಇದು ಯಾರೋ ಕನಿಕರಪಟ್ಟು ಕೊಟ್ಟ ಸೌಕರ್ಯ ಅಲ್ಲ ಅನ್ನುವುದು ಮನೆಯವರಿಗೆ ಗೊತ್ತಿರಲಿ. ಸಾಕ್ಷಿಗೂ ಆರೋಪಿಗೂ ನಡುವೆ ಪರದೆ ಇರಬೇಕು, ಘಟನೆಯ ಬಗ್ಗೆ ಎದುರು ವಕೀಲರು ಕೇಳುವ ಪಾಟೀಸವಾಲಿನ ಪ್ರಶ್ನೆಗಳನ್ನು ಬರೆದು ನ್ಯಾಯಾಧೀಶರಿಗೆ ಕೊಡಬೇಕು, ಬೇಕಾದಷ್ಟು ಬಿಡುವು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2004ರಲ್ಲೇ ಸಾಕ್ಷಿ ಅನ್ನುವ ಸಂಸ್ಥೆಯ ಅರ್ಜಿಯಲ್ಲಿ ಹೇಳಿತ್ತು. 2017ರಲ್ಲಿ ಮಹಾರಾಷ್ಟ್ರದ ಒಂದು ಪ್ರಕರಣದಲ್ಲಿ, ಪ್ರತಿ ಹೈಕೋರ್ಟಿನ ವ್ಯಾಪ್ತಿಯಲ್ಲಿ ಕಡೇ ಪಕ್ಷ ಎರಡು ಇಂಥ ಕೇಂದ್ರ ತೆರೆಯಿರಿ ಅಂದಿತು. ಆ ಪ್ರಕರಣದ ಸಂತ್ರಸ್ತೆಗೆ ಮಾತೂ ಬರುತ್ತಿರಲಿಲ್ಲ, ಕಿವಿಯೂ ಕೇಳುತ್ತಿರಲಿಲ್ಲ, ಬೌದ್ಧಿಕ ವಿಕಲತೆಯೂ ಇತ್ತು. 2022ರ ಜನವರಿಯಲ್ಲಿ ಇನ್ನೂ ಮುಂದೆ ಹೋಗಿ, ಈ ಕೊಠಡಿ ಮಕ್ಕಳಿಗೆ ಮಾತ್ರ ಅಲ್ಲ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಯಾವುದೇ ವಯಸ್ಸಿನವರಿಗೂ, ಹೆಣ್ಣಾಗಲಿ ಗಂಡಾಗಲಿ, ಮಾನಸಿಕ ಕಾಯಿಲೆ ಇರುವವರಿಗೂ, ವಿಕಲತೆ ಇರುವವರಿಗೂ ಸೇರಿದ್ದು ಅಂತ ಸ್ಪಷ್ಟ ಮಾಡಿತು. ಹಾಗಾಗಿ 'ನಿಮ್ಮ ಹುಡುಗಿಗೆ ಹದಿನೆಂಟು ದಾಟಿದೆ, ಪೋಕ್ಸೊ ರೂಮು ಸಿಗಲ್ಲ' ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ನನ್ನ ತಕರಾರು ಶುರುವಾಗುವುದು ಗೋಡೆಯಿಂದ. ಗೋಡೆ ತುಂಬಾ ಕಾರ್ಟೂನು, ಅ ಆ ಇ ಈ ಚಾರ್ಟು. ಸೋಫಾ ಮೇಲೆ ಟೆಡ್ಡಿ. ಆರು ವರ್ಷದ ಮಗುವಿಗೆ ಒಳ್ಳೆಯದೇ, ತೆಗೆಯಿರಿ ಅನ್ನುತ್ತಿಲ್ಲ. ಆದರೆ ಮೂವತ್ತು ದಾಟಿದ ಹೆಂಗಸು ಬಂದಾಗಲೂ ಅದೇ ಟೆಡ್ಡಿಯನ್ನು ಕೈಗೆ ಕೊಡುತ್ತಾರೆ. ಆಕೆ ಮನೆಯಲ್ಲಿ ಹತ್ತು ಜನಕ್ಕೆ ಮುದ್ದೆ ತೊಳಸುವವಳು. ಹಸುವಿಗೆ ಹುಲ್ಲು ಹಾಕುವವಳು. ದುಡ್ಡು ಎಣಿಸಲು ಬಾರದು, ನಿಜ. ಹಾಗಂತ ಮಗು ಅಲ್ಲ.

ಆ ಗೋಡೆಯ ಮುಂದೆ ಕೂತ ವಕೀಲರು ನನ್ನನ್ನು ಕೇಳುವ ಪ್ರಶ್ನೆಯೂ ಅದೇ ಜಾತಿಯದ್ದು. 'ಮೇಡಂ, ಇವಳ ಬುದ್ಧಿ ಎಷ್ಟು ವರ್ಷದ್ದು?' ಐಕ್ಯೂ ಸರ್ಟಿಫಿಕೇಟ್ ಹಿಡಿದು ಒಂದು ಅಂಕಿ ಹೇಳಲಿ ಅಂತ ಕಾಯುತ್ತಾರೆ. ನಾನು ಹೇಳುವುದಿಷ್ಟು: ಅಡುಗೆಯಲ್ಲಿ ಆಕೆ ದೊಡ್ಡವಳು. ಲೆಕ್ಕದಲ್ಲಿ ಚಿಕ್ಕವಳು. ತನ್ನ ಮೈಯನ್ನು ಯಾರು ಮುಟ್ಟಬಾರದು ಅನ್ನುವುದನ್ನು ಯಾರೂ ಕಲಿಸಿಲ್ಲ, ಕಲಿಸಿದರೆ ಕಲಿಯುತ್ತಾಳೆ. ಒಂದೇ ಅಂಕಿಯಲ್ಲಿ ಇದೆಲ್ಲ ಹಿಡಿಯುವುದಿಲ್ಲ.

ಇದೇ ಪ್ರಶ್ನೆ 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ದೆಹಲಿಯಲ್ಲಿ 38 ವರ್ಷದ, ಸೆರೆಬ್ರಲ್ ಪಾಲ್ಸಿ ಇರುವ ಮಹಿಳೆಯ ಮೇಲೆ ಅತ್ಯಾಚಾರ ಆಗಿತ್ತು. ಮಗಳ ಬುದ್ಧಿ ಆರರಿಂದ ಎಂಟು ವರ್ಷದ ಮಗುವಿನದ್ದು, ಪೋಕ್ಸೊ ವಿಶೇಷ ನ್ಯಾಯಾಲಯದಲ್ಲೇ ವಿಚಾರಣೆ ಆಗಲಿ ಅಂತ ತಾಯಿ ಕೇಳಿದರು. ಕೋರ್ಟ್ ಒಪ್ಪಲಿಲ್ಲ. ಪೋಕ್ಸೊದಲ್ಲಿ ಮಗು ಅಂದರೆ ಹುಟ್ಟಿದ ದಿನದಿಂದ ಲೆಕ್ಕ ಹಾಕಿ ಹದಿನೆಂಟರ ಒಳಗಿನವರು, ಅದನ್ನು ಬದಲಿಸುವುದಾದರೆ ಸಂಸತ್ತೇ ಬದಲಿಸಬೇಕು ಅಂದಿತು. ವಿಚಾರಣೆಯ ನಡುವೆಯೇ ಆರೋಪಿ ತೀರಿಕೊಂಡ, ಪೂರ್ಣ ಪರಿಹಾರ ಕೊಡಿ ಅಂತ ಆದೇಶ ಆಯಿತು. ಆ ತಾಯಿಯ ಸಂಕಟ ನನಗೆ ಅರ್ಥ ಆಗುತ್ತದೆ. ಪೋಕ್ಸೊದಲ್ಲಿ ಸಿಗುವ ಮೃದುವಾದ ವಿಚಾರಣೆ ಆಗ ಇನ್ನೆಲ್ಲೂ ಸರಿಯಾಗಿ ಸಿಗುತ್ತಿರಲಿಲ್ಲ. ಆದರೂ ತೀರ್ಪು ಸರಿ ಅಂತಲೇ ನನ್ನ ಅಭಿಪ್ರಾಯ. ಒಬ್ಬಳನ್ನು ಕಾನೂನಿನಲ್ಲಿ ಆರು ವರ್ಷದವಳು ಅಂತ ಬರೆದುಬಿಟ್ಟರೆ ಅವಳಿಗೆ ಎಂದೂ ಏಳು ತುಂಬುವುದಿಲ್ಲ. ಪ್ರೀತಿಸುವ ಹಾಗಿಲ್ಲ, ಮದುವೆ ಆಗುವ ಹಾಗಿಲ್ಲ, ಬೇಡ ಅನ್ನುವ ಮಾತಿಗೂ ಬೆಲೆ ಇಲ್ಲ. ಮೃದುವಾದ ವಿಚಾರಣೆ ಸಿಗಲು ಆಕೆ ಮಗು ಆಗಬೇಕಾಗಿಲ್ಲ. ದೊಡ್ಡವಳಾಗಿಯೇ ಸಿಗಬೇಕು.

ಇದಕ್ಕೆ ಇನ್ನೊಂದು ಮುಖ ಇದೆ. ನಮ್ಮ ಶಾಲೆಯಲ್ಲಿ ಕಲಿತ ಇಬ್ಬರು ಒಬ್ಬರನ್ನೊಬ್ಬರು ಮೆಚ್ಚಿದರು. ಇಬ್ಬರಿಗೂ ಅಲ್ಪ ಪ್ರಮಾಣದ ಬೌದ್ಧಿಕ ವಿಕಲತೆ. ಹುಡುಗಿಯ ಮನೆಯವರು ಬಂದು ಮೊದಲು ವಿಚಾರಿಸಿದ್ದೇ 'ಅವನ ಮೇಲೆ ಕಂಪ್ಲೇಂಟ್ ಕೊಡಬಹುದಾ?' ಅಂತ. ಅವಳಿಗೆ ಬುದ್ಧಿ ಕಮ್ಮಿ, ಅವಳ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅನ್ನುವುದು ಅವರ ವಾದ. ಕಾನೂನು ಹಾಗೆ ಹೇಳುವುದಿಲ್ಲ. ನ್ಯಾಯ ಸಂಹಿತೆಯ 63ನೇ ಕಲಂ ಕೇಳುವುದು, ಒಪ್ಪಿಗೆ ಕೊಟ್ಟ ಆ ಹೊತ್ತಿನಲ್ಲಿ, ಆ ವಿಷಯದಲ್ಲಿ, ಅದು ಏನು ಮತ್ತು ಅದರಿಂದ ಏನಾಗುತ್ತದೆ ಅನ್ನುವುದು ಅವಳಿಗೆ ಗೊತ್ತಾಗುತ್ತಿತ್ತೇ ಅಂತ. ಸರ್ಟಿಫಿಕೇಟಿನಲ್ಲಿ ಏನಿದೆ ಅನ್ನುವುದೊಂದೇ ಅಲ್ಲ. ಗೊತ್ತಾಗದ ಸ್ಥಿತಿಯಲ್ಲಿದ್ದರೆ ಅವಳು ಹ್ಞೂ ಅಂದಿದ್ದರೂ ಅದು ಅತ್ಯಾಚಾರ. ವಿಕಲತೆ ಇರುವ ಮಹಿಳೆಯ ಮೇಲೆ ಅತ್ಯಾಚಾರ ಎಸಗಿದರೆ 64ನೇ ಕಲಂ ಪ್ರಕಾರ ಕನಿಷ್ಠ ಹತ್ತು ವರ್ಷ, ಬದುಕಿರುವ ತನಕ ಜೈಲೂ ಆಗಬಹುದು. ಆದರೆ ಗೊತ್ತಿದ್ದು, ಬೇಕೆನಿಸಿ, ತಾನಾಗಿಯೇ ಒಪ್ಪಿದ ಹೆಣ್ಣಿನ ಮಾತನ್ನು ಮನೆಯವರು ಅಳಿಸಲು ಬರುವುದಿಲ್ಲ. ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿದ್ದ, ಬೌದ್ಧಿಕ ವಿಕಲತೆ ಇದ್ದ ಯುವತಿಯ ಕೇಸು ನೋಡಿ. ಅತ್ಯಾಚಾರದಿಂದ ಗರ್ಭಿಣಿ ಆದಳು. ಗರ್ಭ ತೆಗೆಸಿ ಅಂತ ಹೈಕೋರ್ಟ್ ಹೇಳಿತು. ಅವಳು ಮಗು ಬೇಕು ಅಂದಳು. 2009ರಲ್ಲಿ ಸುಪ್ರೀಂ ಕೋರ್ಟ್ ಅವಳ ಮಾತನ್ನೇ ಎತ್ತಿಹಿಡಿಯಿತು. ನಾನು ಪೋಷಕರ ಸಭೆಯಲ್ಲಿ ಈ ಕೇಸನ್ನು ಹೇಳದೆ ಬಿಡುವುದಿಲ್ಲ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಈಗ ಪ್ರಶ್ನೆ ಕೇಳುವ ರೀತಿ. ಈ ಸೇವೆಯ ಜೀವ ಇರುವುದು ಸೋಫಾದಲ್ಲಿ ಅಲ್ಲ, ಇಲ್ಲಿ. ನಮ್ಮ ಕೋರ್ಟುಗಳ ಪಾಟೀಸವಾಲಿಗೆ ಒಂದು ಧಾಟಿ ಇದೆ. 'ಆರೋಪಿ ನಿನ್ನನ್ನು ತೋಟಕ್ಕೆ ಕರೆದುಕೊಂಡು ಹೋಗಿರಲಿಲ್ಲ, ನೀನೇ ಇಷ್ಟಪಟ್ಟು ಹೋಗಿದ್ದೆ ಎಂದರೆ ಸರಿಯಾ?' ಒಂದೇ ಉಸಿರಿನಲ್ಲಿ ಎರಡು ಮಾತು, ಒಂದು ಇಲ್ಲ, ಕೊನೆಗೊಂದು ಸರಿಯಾ. ಓದಿಕೊಂಡವರೇ ಒಂದು ಕ್ಷಣ ತಡವರಿಸುತ್ತಾರೆ. ನಮ್ಮ ಮಕ್ಕಳಲ್ಲಿ ಬಹಳ ಜನ ಇದಕ್ಕೆ 'ಹ್ಞೂ' ಅಂದುಬಿಡುತ್ತಾರೆ. ಒಪ್ಪಿ ಅಲ್ಲ. ದೊಡ್ಡವರಿಗೆ ಹ್ಞೂ ಅಂದರೆ ಬೈಗುಳ ತಪ್ಪುತ್ತದೆ ಅಂತ ಸಣ್ಣವರಿದ್ದಾಗಿನಿಂದ ಕಲಿತಿದ್ದಾರೆ. ಅದನ್ನು ಚೆಕ್ ಮಾಡಲು ನಾನು ಜಡ್ಜ್ ಅನುಮತಿ ಕೇಳಿ ತಿರುಗಿಸಿ ಕೇಳುತ್ತೇನೆ. 'ನೀನು ಕಾರಲ್ಲಿ ಬಂದೆಯಾ?' ಹ್ಞೂ. 'ಬಸ್ಸಲ್ಲಿ ಬಂದೆಯಾ?' ಅದಕ್ಕೂ ಹ್ಞೂ. ಆಗ ಹೌದು ಇಲ್ಲ ಪ್ರಶ್ನೆಯಿಂದ ಇಲ್ಲಿ ಕೆಲಸ ಆಗುವುದಿಲ್ಲ ಅಂತ ಎಲ್ಲರಿಗೂ ಕಾಣುತ್ತದೆ.

ಈ ಕೊಠಡಿಯಲ್ಲಿ ಒಳ್ಳೆಯ ದಿನ ಹೇಗಿರುತ್ತದೆ ಅಂದರೆ, ಜಡ್ಜ್ ಆ ಉದ್ದ ಪ್ರಶ್ನೆಯನ್ನು ತಾವೇ ಒಡೆಯುತ್ತಾರೆ. ತೋಟಕ್ಕೆ ಹೋದಿರಾ? ಜೊತೆಗೆ ಯಾರಿದ್ದರು? ಬಾ ಅಂತ ಯಾರು ಅಂದರು? ಒಂದಕ್ಕೆ ಉತ್ತರ ಬರುವ ತನಕ ಇನ್ನೊಂದು ಇಲ್ಲ. ಬಹುವಚನದಲ್ಲೇ ಮಾತಾಡಿಸುತ್ತಾರೆ. ಪೊಲೀಸ್ ಸ್ಟೇಷನ್ನಿನಿಂದ ಈ ತನಕ ಯಾರೂ ಹಾಗೆ ಮಾತಾಡಿಸಿರುವುದಿಲ್ಲ. 'ಎಷ್ಟು ಗಂಟೆಗೆ? ಯಾವ ತಾರೀಖು?' ಅಂದರೆ ಆಕೆ ಸುಮ್ಮನಿರುತ್ತಾಳೆ. 'ಆವತ್ತು ಏನೇನು ಮಾಡಿದಿರಿ?' ಅಂದರೆ ಬರುತ್ತದೆ: 'ಸಂತೆ. ಡೈರಿಗೆ ಹಾಲು ಹಾಕಿದೆ. ಆಮೇಲೆ ಅವನು.' ಸಂತೆ ಯಾವ ವಾರ ಅಂತ ಊರಿಗೆಲ್ಲ ಗೊತ್ತು, ಡೈರಿಗೆ ಹಾಲು ಹಾಕುವ ಹೊತ್ತೂ ಗೊತ್ತು. ಗಡಿಯಾರಕ್ಕಿಂತ ಗಟ್ಟಿ ಸಾಕ್ಷಿ ಅದು. ಮಾತು ಬಾರದವರು ಚಿತ್ರದ ಮೇಲೆ ಬೆರಳಿಟ್ಟು ತೋರಿಸಬಹುದು. ಅದನ್ನು ವಿಡಿಯೊ ಮಾಡಿಕೊಳ್ಳುತ್ತಾರೆ, ಬಾಯಿಮಾತಿನಷ್ಟೇ ಬೆಲೆ.

'ಇವಳು ಸಾಕ್ಷಿ ಹೇಳಲು ಲಾಯಕ್ಕಿಲ್ಲ' ಅನ್ನುವ ಆಕ್ಷೇಪ ಪ್ರತಿ ಸಲ ಬರುತ್ತದೆ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 124ನೇ ಕಲಂ ಇದಕ್ಕೆ ಉತ್ತರ. ಪ್ರಶ್ನೆ ಅರ್ಥ ಮಾಡಿಕೊಂಡು ಸರಿಯಾದ ಉತ್ತರ ಕೊಡಬಲ್ಲ ಯಾರೇ ಆದರೂ ಸಾಕ್ಷಿ ಆಗಬಹುದು. ಬುದ್ಧಿ ಸ್ವಾಧೀನದಲ್ಲಿಲ್ಲದವರು ಕೂಡ, ಆ ಕಾರಣಕ್ಕೆ ಅರ್ಥವೇ ಆಗದಿದ್ದರೆ ಮಾತ್ರ ಅನರ್ಹರು. 'ಸುಳ್ಳು ಹೇಳಿದರೆ ಏನಾಗುತ್ತೆ?' ಅಂತ ಜಡ್ಜ್ ಕೇಳಿದಾಗ 'ಅಮ್ಮ ಬೈತಾಳೆ' ಅಂದಳು ಒಬ್ಬಳು. ಸಾಕು ಅಂದರು ಜಡ್ಜ್, ಮುಂದುವರಿಸಿದರು. ಇನ್ನು 2021ರಲ್ಲಿ ಆಂಧ್ರದ ಒಬ್ಬ ಅಂಧ ಯುವತಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ನೇರವಾಗಿಯೇ ಹೇಳಿದೆ, ವಿಕಲತೆ ಇದೆ ಅನ್ನುವ ಕಾರಣಕ್ಕೆ ಸಾಕ್ಷ್ಯದ ತೂಕ ಕಮ್ಮಿ ಆಗುವುದಿಲ್ಲ ಅಂತ.

ಕೆಟ್ಟ ದಿನಗಳೂ ಇವೆ. ಕೊಠಡಿ ಅದೇ, ಕೂತಿರುವ ಜನ ಬೇರೆ ಆದರೆ ಸೇವೆಯೇ ಬೇರೆ. ಒಮ್ಮೆ ದಲಾಯತ್, ಅಂದರೆ ಕೋರ್ಟಿನ ಜವಾನ, ಅಭ್ಯಾಸದಂತೆ ಕಾರಿಡಾರಿನಲ್ಲಿ ನಿಂತು ಸಾಕ್ಷಿಯ ಹೆಸರನ್ನು, ಅಪ್ಪನ ಹೆಸರು ಊರು ಸಮೇತ ಮೂರು ಸಲ ಕೂಗಿದ. ಹಿಂಬಾಗಿಲಿನಿಂದ ಗುಟ್ಟಾಗಿ ಕರೆತಂದದ್ದೆಲ್ಲ ಆ ಒಂದು ಕೂಗಿನಲ್ಲಿ ಹೋಯಿತು. ನಾನು ಬೆಂಚ್ ಕ್ಲರ್ಕ್‌ಗೆ ಬರೆದು ಕೊಟ್ಟ ಮೇಲೆ ಈಗ ಕೇಸ್ ನಂಬರು ಮಾತ್ರ ಹೇಳುತ್ತಾರೆ. ನಿಮ್ಮ ಕೋರ್ಟಿನಲ್ಲಿ ಹೇಗಿದೆ ಅಂತ ಮೊದಲೇ ವಿಚಾರಿಸಿ.

ಎಲ್ಲಕ್ಕಿಂತ ಜಾಸ್ತಿ ಅಂಕ ಕಳೆಯುವುದು ಸಮಯಕ್ಕೆ. ಹನ್ನೊಂದಕ್ಕೆ ಬನ್ನಿ ಅಂತಾರೆ. ಮೂರು ಗಂಟೆಗೆ ಕರೆಯುತ್ತಾರೆ. ಇಲ್ಲವೇ ಎದುರು ವಕೀಲರಿಲ್ಲ ಅಂತ ಮುಂದಿನ ತಾರೀಖು. ಫಿಟ್ಸ್ ಮಾತ್ರೆ ತೆಗೆದುಕೊಳ್ಳುವ ಹುಡುಗಿಗೆ ಮಧ್ಯಾಹ್ನ ಕಣ್ಣು ಎಳೆಯುತ್ತದೆ. ಬೆಳಿಗ್ಗೆ ಸರಿಯಾಗಿ ಹೇಳಬಲ್ಲವಳು ಊಟ ಆದ ಮೇಲೆ ತನ್ನ ಹೆಸರಿಗೂ ತಡವರಿಸುತ್ತಾಳೆ. ಅದನ್ನು ನೋಡಿ ಸಾಮರ್ಥ್ಯ ಇಲ್ಲ ಅಂತ ಬರೆದುಕೊಂಡರೆ ಅದು ಅನ್ಯಾಯ. ಅತ್ಯಾಚಾರದ ಕೇಸಿನಲ್ಲಿ ಆರೋಪಪಟ್ಟಿ ಸಲ್ಲಿಸಿದ ಎರಡು ತಿಂಗಳೊಳಗೆ ವಿಚಾರಣೆ ಮುಗಿಯಬೇಕು ಅಂತ ಕಾನೂನಿನಲ್ಲೇ ಇದೆ. ನಾನು ಕೂತ ಕೇಸುಗಳಲ್ಲಿ ಅದು ಆದದ್ದು ನೋಡಿಲ್ಲ. ಪ್ರತಿ ತಾರೀಖಿಗೂ ಆ ಮನೆಯಲ್ಲಿ ಒಂದು ವಾರ ಮೊದಲೇ ನಿದ್ದೆ ಕೆಡುತ್ತದೆ. ಆಕೆ ಹಾಸಿಗೆ ಒದ್ದೆ ಮಾಡಲು ಶುರು ಮಾಡುತ್ತಾಳೆ. ಇದು ಯಾವ ಆರ್ಡರ್ ಶೀಟಿನಲ್ಲೂ ಬರುವುದಿಲ್ಲ.

ಇನ್ನೊಂದು ಕೊರತೆ ಈ ಕೊಠಡಿಯದ್ದಲ್ಲ, ಆದರೂ ಹೇಳಲೇಬೇಕು. ವಿಶೇಷ ಶಿಕ್ಷಕರನ್ನು ಬಹಳ ತಡವಾಗಿ ಕರೆಯುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಜಾಗಕ್ಕೆ ಬಂದದ್ದು) 173ನೇ ಕಲಂ ಪ್ರಕಾರ ಪೊಲೀಸರು ದೂರು ಬರೆದುಕೊಳ್ಳಲು ಆಕೆಯ ಮನೆಗೇ, ಇಲ್ಲವೇ ಆಕೆ ಹೇಳಿದ ಜಾಗಕ್ಕೆ ಹೋಗಬೇಕು. ಜೊತೆಗೆ ದುಭಾಷಿ ಇಲ್ಲವೇ ವಿಶೇಷ ಶಿಕ್ಷಕರು ಇರಬೇಕು, ವಿಡಿಯೊ ಆಗಬೇಕು. 183ನೇ ಕಲಂ ಅಡಿ ಮ್ಯಾಜಿಸ್ಟ್ರೇಟ್ ಮುಂದೆ ಇದೇ ರೀತಿ ವಿಡಿಯೊದಲ್ಲಿ ಕೊಟ್ಟ ಹೇಳಿಕೆಯನ್ನು ಮುಖ್ಯ ವಿಚಾರಣೆ ಅಂತಲೇ ಪರಿಗಣಿಸುತ್ತಾರೆ. ಅಂದರೆ ಕಥೆಯನ್ನು ಪೂರ್ತಿ ಮತ್ತೆ ಹೇಳಬೇಕಾಗಿಲ್ಲ, ಪಾಟೀಸವಾಲಿಗೆ ಮಾತ್ರ ಬಂದರೆ ಸಾಕು. ಇದು ಹಳೆಯ ಕಾನೂನಿಗೆ 2013ರಲ್ಲೇ ಸೇರಿದ್ದ ಮಾತು, ಹೊಸದೇನಲ್ಲ. ಹಾಗಿದ್ದರೂ ಸ್ಟೇಷನ್ನಿನಲ್ಲಿ ಯಾರೋ ಅಂಗನವಾಡಿ ಕಾರ್ಯಕರ್ತೆಯನ್ನು ಕೂರಿಸಿ ಮುಗಿಸಿರುತ್ತಾರೆ. ಆ ಹೇಳಿಕೆಯಲ್ಲಿ ಆಕೆಯ ಮಾತೇ ಇರುವುದಿಲ್ಲ. 'ಸದರಿ ಆರೋಪಿಯು' ಅಂತ ಶುರುವಾಗುವ ವಾಕ್ಯವನ್ನು ನಮ್ಮ ಹುಡುಗಿ ಹೇಳಿದಳು ಅಂದರೆ ಯಾರು ನಂಬುತ್ತಾರೆ? ಆಮೇಲೆ ಇಲ್ಲಿ ಸೋಫಾ ಮೇಲೆ ಕೂತು ತನ್ನ ಭಾಷೆಯಲ್ಲಿ ಹೇಳಿದರೆ, ಹೇಳಿಕೆ ತಾಳೆ ಆಗುತ್ತಿಲ್ಲ ಅನ್ನುತ್ತಾರೆ.

ಗಂಡುಮಕ್ಕಳ ವಿಷಯ. ಈ ಕೊಠಡಿಯ ಬಾಗಿಲು ಅವರಿಗೂ ತೆರೆದಿದೆ ಅಂತ ಮೇಲೆ ಬರೆದೆ. ಆದರೆ ನ್ಯಾಯ ಸಂಹಿತೆಯ ಅತ್ಯಾಚಾರದ ಕಲಂ ಹೆಣ್ಣಿಗೆ ಮಾತ್ರ. ಹುಡುಗ ಹದಿನೆಂಟರೊಳಗಿದ್ದರೆ ಪೋಕ್ಸೊ ಇದೆ. ದಾಟಿದ ಮೇಲೆ, 'ಅಸ್ವಾಭಾವಿಕ' ಸಂಭೋಗದ ಹಳೆಯ 377ನೇ ಕಲಂ ಕೂಡ ಹೊಸ ಸಂಹಿತೆಯಲ್ಲಿ ಇಲ್ಲದ್ದರಿಂದ, ಹಲ್ಲೆ ಗಾಯ ಅಂತ ಬೇರೆ ಕಲಂ ಹುಡುಕಬೇಕು. ಇಪ್ಪತ್ತೆರಡು ವರ್ಷದ ಮಗನನ್ನು ಕರೆದುಕೊಂಡು ಬಂದ ಅಪ್ಪನಿಗೆ ಇದನ್ನು ಹೇಳುವುದು ನನ್ನ ಕೆಲಸದಲ್ಲೇ ಕಷ್ಟದ ಕೆಲಸ.

ಒಟ್ಟಿನಲ್ಲಿ ಐದಕ್ಕೆ ಮೂರೂವರೆ. ಜಾಗಕ್ಕೆ ನಾಲ್ಕೂವರೆ ಕೊಡಬಹುದು, ಸಮಯ ಅದನ್ನು ಕೆಳಗೆ ಎಳೆಯಿತು.

ಹೋಗುವವರಿಗೆ: ಕೊಠಡಿ ತಾನಾಗಿ ಸಿಗುತ್ತದೆ ಅಂದುಕೊಳ್ಳಬೇಡಿ. ಸರ್ಕಾರಿ ವಕೀಲರ ಮೂಲಕ ಮೊದಲೇ ಅರ್ಜಿ ಹಾಕಿಸಿ. ಅದರಲ್ಲಿ ಬೆಳಗಿನ ಹೊತ್ತೇ ಬೇಕು ಅಂತ ಬರೆಸಿ, ಮಾತ್ರೆಯ ಚೀಟಿ, ಯುಡಿಐಡಿ (ವಿಕಲತೆಯ ಗುರುತಿನ) ಕಾರ್ಡಿನ ಪ್ರತಿ ಲಗತ್ತಿಸಿ. ಪ್ರಶ್ನೆಗಳು ಜಡ್ಜ್ ಮೂಲಕ ಬರಲಿ, ನಡುವೆ ಬಿಡುವು ಇರಲಿ ಅಂತಲೂ ಸೇರಿಸಿ. ಮಗಳಿಗೆ ಗೊತ್ತಿರುವ ಶಿಕ್ಷಕಿ ಇದ್ದರೆ ಅವರನ್ನೇ ಕರೆಸಿ ಅಂತ ಕೇಳಬಹುದು. ಹಿಂದಿನ ದಿನ ಒಮ್ಮೆ ಕರೆದುಕೊಂಡು ಹೋಗಿ ಸೋಫಾ, ಟಿವಿ, ಟಾಯ್ಲೆಟ್ ತೋರಿಸಿಕೊಂಡು ಬನ್ನಿ, ನಮ್ಮಲ್ಲಿ ಬಿಡುತ್ತಾರೆ. ಏನು ಹೇಳಬೇಕು ಅಂತ ಮಾತ್ರ ಮನೆಯಲ್ಲಿ ಉರು ಹೊಡೆಸಬೇಡಿ, ಪಾಟೀಸವಾಲಿನಲ್ಲಿ ಅದು ಐದು ನಿಮಿಷದಲ್ಲಿ ಹೊರಬೀಳುತ್ತದೆ. ನಿಮ್ಮದೇ ವಕೀಲರು ಬೇಕಾದರೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಹೆಂಗಸರಿಗೆ, ವಿಕಲತೆ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಸಾಮಾನ್ಯವಾಗಿ ಕೋರ್ಟ್ ಆವರಣದಲ್ಲೇ ಅವರ ಕಚೇರಿ ಇರುತ್ತದೆ, ಇಲ್ಲವೇ 15100ಕ್ಕೆ ಫೋನ್ ಮಾಡಿ.